ಕಾರ್ತಿಕ ಸೋಮವಾರದ ಉಷ್ಣಾಂಶ

ಉದಯಪುರ ದಾಟುವಷ್ಟರಲ್ಲಿ ತಾನು ಸುಳ್ಳು ಹೇಳಿಲ್ಲವೆಂದು ಪ್ರೇಕ್ಷಾಳಿಗೆ ಖಚಿತವಾಗಿತ್ತು. ಶಾಂತಿಗ್ರಾಮದ ಟೋಲ್ ಹತ್ತಿರ ಬಸ್ಸು ನಿಂತಾಗ, ಹೇಳಿದ್ದೇನೆ ಎಂಬುದು ಅಷ್ಟೇ ಖಚಿತವಾಯಿತು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಒಂದು ಗಂಟೆಯ ದಾರಿ. ಮಂಗಳವಾರ ಸಂಜೆಯಿಂದ ಈ ಶನಿವಾರದವರೆಗೆ ಬರುವಾಗ ನಾಲ್ಕು ಸಲ, ಹೋಗುವಾಗ ನಾಲ್ಕು ಸಲ ಅವಳು ಇದೇ ವ್ಯಾಜ್ಯ ನಡೆಸಿದ್ದಳು, ಎರಡೂ ಕಡೆಯ ವಕೀಲಳು ತಾನೇ ಆಗಿ. ಬರೆದದ್ದು ಒಂದೇ ಸಾಲು. ಲ್ಯಾಬಿನ ನಮೂನೆಯಲ್ಲಿ ‘ಶೇಖರಣೆ’ ಎಂಬುದರ ಎದುರು ‘ಮೈನಸ್ ಇಪ್ಪತ್ತು ಡಿಗ್ರಿ, ನಿರಂತರ’ ಎಂದು. ಮೈನಸ್ ಇಪ್ಪತ್ತು ಸುಳ್ಳಲ್ಲ. ಲ್ಯಾಬಿನ ಸೀಸೆಗಳ ಪೆಟ್ಟಿಗೆ ತಮ್ಮ ಮನೆಯ ಫ್ರೀಜರಿನಲ್ಲಿದ್ದದ್ದು ನಿಜ, ಅದರ ಮುಳ್ಳು ಅಲ್ಲಿಗೆ ಹೆಚ್ಚುಕಮ್ಮಿ ಹತ್ತಿರ ನಿಂತದ್ದೂ ನಿಜ. ತೊಂದರೆ ಇದ್ದದ್ದು ‘ನಿರಂತರ’ದಲ್ಲಿ. ನಮೂನೆ ಆ ಮಾತನ್ನು ಕೇಳಿಯೇ ಇರಲಿಲ್ಲ. ಬರೀ ಡಿಗ್ರಿ ಬರೆದು ಪೆನ್ನು ಮುಚ್ಚಿದ್ದರೆ ಸಾಕಿತ್ತು, ಆದರೆ ಕೈ ತಾನಾಗಿ ಒಂದು ಅಲ್ಪವಿರಾಮ ಹಾಕಿ ಮುಂದುವರಿಯಿತು. ಏನೂ ತಪ್ಪು ಮಾಡದವರು ಇಷ್ಟು ಒತ್ತಿ ಹೇಳುವುದಿಲ್ಲ ಎಂದು ಅವಳಿಗೆ ಆಗಲೇ ಹೊಳೆದಿತ್ತು. ಪಕ್ಕದ ಸೀಟಿನ ಹೆಂಗಸು ಕಿತ್ತಳೆ ಸುಲಿದು, ಕೇಳದೆಯೇ ಎರಡು ತೊಳೆ ಅವಳ ಕೈಗಿಟ್ಟಳು. “ತಿನ್ನವ್ವ, ಮೊಕ ಯಾಕಂಗೆ ಮಾಡ್ಕೊಂಡಿದೀಯ, ಪರೀಕ್ಸೆನಾ?” ಹೌದು ಎಂದಳು ಪ್ರೇಕ್ಷಾ. ಅದೂ ಸುಳ್ಳಲ್ಲ.

ಹಾಸನದ ಕೈಗಾರಿಕಾ ಪ್ರದೇಶದ ಕೊನೆಯ ಸಾಲಿನಲ್ಲಿ, ಹಿಂದೆ ಆಲೂಗಡ್ಡೆ ತುಂಬುತ್ತಿದ್ದ ಗೋದಾಮಿನ ಅರ್ಧಭಾಗದ ಲ್ಯಾಬಿನಲ್ಲಿ ತಾವು ಮಾಡುವ ಕೆಲಸವನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಗೆ ಹೇಳುವುದೆಂದು ಮೂರು ವರ್ಷವಾದರೂ ಅವಳು ಕಲಿತಿರಲಿಲ್ಲ. ಸ್ಟೆಮ್ ಸೆಲ್ ಎಂದರೆ ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಜೀವಕೋಶ. ಮೂಳೆಯೂ ಆದೀತು, ಕೊಬ್ಬೂ ಆದೀತು. ಮೈಯೊಳಗಿದ್ದಾಗ ಅದಕ್ಕೆ ನೆರೆಹೊರೆಯ ಕೋಶಗಳು ಸಣ್ಣ ಸಣ್ಣ ಪ್ರೋಟೀನುಗಳಲ್ಲಿ ಹೇಳಿಕಳಿಸುತ್ತಲೇ ಇರುತ್ತವೆ: ಈಗ ಬೆಳೆ, ಈಗ ಸುಮ್ಮನಿರು, ಇಲ್ಲಿ ಗಾಯವಾಗಿದೆ ಬಾ. ಆ ಪ್ರೋಟೀನುಗಳೇ ಸೈಟೊಕೈನುಗಳು. ಹೊರಗೆ ತಂದು ತಟ್ಟೆಯಲ್ಲಿಟ್ಟರೆ, ಹೇಳುವವರಿಲ್ಲದೆ ಕೋಶ ಸೊರಗುತ್ತದೆ, ಇಲ್ಲವೇ ಬೇಜಾರಿಗೆ ಏನೋ ಒಂದು ಆಗಿಬಿಡುತ್ತದೆ. ಅದಕ್ಕಾಗಿ ಮನುಷ್ಯನ ಆ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬ್ಯಾಕ್ಟೀರಿಯಾವನ್ನು ಕೊಳಗಗಟ್ಟಲೆ ಬೆಳೆಸಿ, ಒಡೆದು, ಸೋಸಿ, ಅದೊಂದನ್ನೇ ಹೆಕ್ಕಿ ಸೀಸೆಗೆ ಹಾಕಬೇಕು. ಇವರು ತಯಾರಿಸುತ್ತಿದ್ದ ಪ್ರೋಟೀನು ಕೋಶಕ್ಕೆ ಹೇಳುತ್ತಿದ್ದುದು ಇಷ್ಟೇ: ಸದ್ಯ ಏನೂ ಆಗಬೇಡ, ಹೀಗೇ ಇರು, ಹೀಗೇ ಇದ್ದುಕೊಂಡು ಹೆಚ್ಚುತ್ತ ಹೋಗು. ಇಪ್ಪತ್ತೊಂಬತ್ತು ವರ್ಷದ ಪ್ರೇಕ್ಷಾಳಿಗೆ ಚನ್ನರಾಯಪಟ್ಟಣದಲ್ಲಿ ಆ ಮಾತನ್ನು ಈವರೆಗೆ ಯಾರೂ ಹೇಳಿರಲಿಲ್ಲ.

ಈ ಪ್ರೋಟೀನಿನ ಒಂದು ದೌರ್ಬಲ್ಯವೆಂದರೆ ಅದು ಸೆಕೆ ತಡೆಯದು. ಹೊರಗಿಟ್ಟರೆ ಒಂದು ಹಗಲಿನಲ್ಲಿ ಮೆತ್ತಗೆ ಮಡಿಕೆ ಬಿಚ್ಚಿಕೊಂಡು, ನೋಡಲು ಹಾಗೆಯೇ ಇದ್ದು, ಹೇಳಬೇಕಾದದ್ದನ್ನು ಮರೆತುಬಿಡುತ್ತದೆ. ಲ್ಯಾಬಿನ ಯಜಮಾನರಾದ ನಂಜುಂಡೇಶ್ ಹರದನಹಳ್ಳಿಯ ಬೇಸಾಯಗಾರರ ಮನೆಯವರು. ಇಪ್ಪತ್ತು ವರ್ಷ ಬೇರೆಯವರ ಲ್ಯಾಬುಗಳಲ್ಲಿ ಬೆನ್ನು ಬಗ್ಗಿಸಿ, ತಮ್ಮ ಊರ ಸೀಮೆಗೆ ವಾಪಸಾಗಿ ಈ ಗೋದಾಮು ಹಿಡಿದವರು. ಅವರು ಆ ಜೀನಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಿದ್ದಿ, ಪ್ರೋಟೀನಿಗೆ ಸ್ವಲ್ಪ ಸೊಂಟ ಗಟ್ಟಿ ಮಾಡಿದ್ದರು. ಗಟ್ಟಿಯಾಗಿದೆಯೇ ಎಂಬ ಪರೀಕ್ಷೆ ಮುಂದಿನ ವರ್ಷದ ಮಾತು. ಮೊದಲು ಇದು ಕೆಲಸ ಮಾಡುತ್ತದೆಯೇ ನೋಡೋಣ ಎಂದಿದ್ದರು. ನಾಲ್ಕು ತಿಂಗಳ ದುಡಿತದಲ್ಲಿ ಬಂದದ್ದು ಹತ್ತು ಸೀಸೆ, ಒಂದೊಂದರಲ್ಲೂ ಕಣ್ಣಿಗೆ ಹಾಕುವ ಮದ್ದಿನಷ್ಟು ನೀರು. ಕಳೆದ ಭಾನುವಾರ, ಸೋಮವಾರ ಕೈಗಾರಿಕಾ ಪ್ರದೇಶಕ್ಕೆಲ್ಲ ಕರೆಂಟ್ ಇಲ್ಲ, ತಂತಿ ಬದಲಾಯಿಸುತ್ತಾರೆ ಎಂದು ಗೊತ್ತಾದಾಗ, ಸೀಸೆಗಳನ್ನು ಎಲ್ಲಿಡುವುದೆಂಬ ಚರ್ಚೆಯಲ್ಲಿ ಪ್ರೇಕ್ಷಾ ಕೈ ಎತ್ತಿದಳು. “ನಮ್ಮನೇಲಿ ದೊಡ್ಡ ಫ್ರೀಜರ್ ಇದೆ ಸರ್, ಇನ್ವರ್ಟರೂ ಇದೆ.” ಹೇಳುವಾಗ ದನಿಯಲ್ಲಿ ಕೊಂಚ ಜಂಬವಿತ್ತು. ನಂಜುಂಡೇಶ್ ಅವಳನ್ನು ಕನ್ನಡಕದ ಮೇಲಿಂದ ನೋಡಿದ್ದರು. ಹೋದ ವರ್ಷ ಅವಳು ಒಂದು ಅಂಕಿಯನ್ನು ದಶಾಂಶ ಬಿಟ್ಟು ದುಂಡಗೆ ಬರೆದಾಗ ಇಡೀ ಪುಟವನ್ನು ಎಲ್ಲರೆದುರು ನಿಧಾನಕ್ಕೆ, ಆಕಾಶವಾಣಿಯ ವಾರ್ತೆ ಓದುವವರಂತೆ ಓದಿದ್ದವರು ಅವರು. ಅವತ್ತು ಬೈದಿದ್ದರೆ ಮರೆತಿರುತ್ತಿದ್ದಳು.

ಕರೆಂಟಿಲ್ಲದ ಸೋಮವಾರವೂ ಲ್ಯಾಬು ಒಪ್ಪ ಮಾಡಲು ಪ್ರೇಕ್ಷಾ ನಸುಕಿಗೇ ಹಾಸನಕ್ಕೆ ಹೋಗಿ ರಾತ್ರಿ ಬಂದಿದ್ದಳು. ಮಂಗಳವಾರ ಬೆಳಗ್ಗೆ ಫ್ರೀಜರ್ ತೆರೆದು ಪೆಟ್ಟಿಗೆ ಎತ್ತಿಕೊಂಡಾಗ ಅದರ ಮುಚ್ಚಳದ ಮೇಲೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ, ನಡುವೆ ಒಂದು ಕುಂಕುಮದ ಚುಕ್ಕೆ. ಪೆಟ್ಟಿಗೆ ಅವಳನ್ನು ಹಿರಿಯರು ನೋಡಿದಂತೆ ನೋಡಿತು. ಅಡುಗೆಮನೆಯಿಂದ ಅಮ್ಮ, ಸುವರ್ಣಮ್ಮ, ಒಗ್ಗರಣೆಯ ಸದ್ದಿನ ಮೇಲೆ ಕೂಗಿ ಹೇಳಿದ್ದಳು: “ನಿನ್ನೆ ಪೂಜೆಗಿಟ್ಟಿದ್ದೆ ಕಣೇ, ಮೊದಲ್ನೇ ಸಲ ಮಾಡಿರೋದು ಅಂದ್ಯಲ್ಲ. ಆಮೇಲೆ ಅಲ್ಲೇ ವಾಪಸ್ ಇಟ್ಟಿದೀನಿ.” ಮನೆಗೆ ಮೊದಲ ಬಾರಿಗೆ ಬಂದ ಯಾವುದೂ ದೇವರ ಮುಂದೆ ಕೂರದೆ ಬಳಕೆಗೆ ಹೋದದ್ದಿಲ್ಲ. ತೋಟದ ಮೊದಲ ಗೊನೆ, ಅಪ್ಪನ ಹೊಸ ತಕ್ಕಡಿ, ಪ್ರೇಕ್ಷಾಳ ನೇಮಕದ ಪತ್ರ, ಮಿಕ್ಸರ್, ಮೊನ್ನೆ ಬಂದ ಗ್ಯಾಸ್ ಒಲೆಯ ಲೈಟರ್ ಕೂಡ ಲಿಂಗದ ಎದುರು ಒಂದೊಂದು ಪೂಜೆಯ ಹೊತ್ತು ಕೂತು ಎದ್ದವೇ. ಅಂದಮೇಲೆ ಮಗಳು ನಾಲ್ಕು ತಿಂಗಳು ಊಟ ನಿದ್ದೆ ಬಿಟ್ಟು ಮಾಡಿದ್ದು ಮನೆಗೆ ಬಂದು, ಅದೂ ಕಾರ್ತಿಕ ಸೋಮವಾರ, ಮೀನಿನ ಹಾಗೆ ಹಿಮದಲ್ಲಿ ಬಿದ್ದಿರಬೇಕೇ? ಅಮ್ಮನ ಕಡೆಯ ನ್ಯಾಯ ಅವಳಿಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಕೋಪ ಮಾಡಿಕೊಳ್ಳಲು ಜಾಗವೇ ಉಳಿಯಲಿಲ್ಲ. ಎಷ್ಟು ಹೊತ್ತು ಇಟ್ಟಿದ್ದೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಬರೆಯಬೇಕಾಗುತ್ತದೆ. ದುಪಟ್ಟಾದ ತುದಿಯಿಂದ ವಿಭೂತಿಯನ್ನು ಒರೆಸಿ, ಪೆಟ್ಟಿಗೆಯನ್ನು ಐಸ್ ಡಬ್ಬಿಗೆ ಇಳಿಸಿ ಅವಳು ಬಸ್ಸಿಗೆ ಓಡಿದ್ದಳು.

ಇವತ್ತು, ಶನಿವಾರ, ಕೋಶಗಳ ಎಣಿಕೆಯ ದಿನ. ಗೇಟಿನಲ್ಲಿ ಲಕ್ಕಮ್ಮ ಎದುರಾದಳು. ರಾಮನಾಥಪುರದವಳು, ಲ್ಯಾಬಿನ ಗಾಜಿನ ಸಾಮಾನು ತೊಳೆದು ಕುದಿಸಿ ಜೋಡಿಸುವುದು ಅವಳ ಕೆಲಸ. ತಟ್ಟೆಗಳಲ್ಲಿ ಬೆಳೆಯುತ್ತಿದ್ದ ಕೋಶಗಳು ಅರಕಲಗೂಡು ಕಡೆಯ ಬಾಣಂತಿಯೊಬ್ಬಳು ಒಪ್ಪಿ ಕೊಟ್ಟ ಹೊಕ್ಕುಳಬಳ್ಳಿಯವು. ಕಾಗದದಲ್ಲಿ ಅವಕ್ಕೆ ಒಂದು ಅಕ್ಷರ, ಒಂದು ಅಂಕಿ. ಲಕ್ಕಮ್ಮನ ಪಾಲಿಗೆ ಅದು ತಮ್ಮ ತಾಲೂಕಿನ ಕೂಸು. “ಕೂಸು ಎಂಗೈತಂತೆ ಇವತ್ತು?” ಎಂದು ದಿನಾ ಕೇಳುತ್ತಿದ್ದಳು. “ನಮ್ಮ ಕಡೆ ಬಳ್ಳೀನ ತಿಪ್ಪೆ ಪಕ್ಕ ಮಣ್ಣು ಮಾಡಿ, ಮೇಲೊಂದು ಕಲ್ಲು ಮಡಗಿ ಬತ್ತೀವಿ. ನೀವು ಅದ್ಕೆ ಊಟ ಇಕ್ಕಿ ಸಾಕ್ತಿದೀರ. ಅದ್ರವ್ವಂಗೆ ಗೊತ್ತಾ?” ಗೊತ್ತು, ಸಹಿ ಹಾಕಿದ್ದಾಳೆ ಎಂದರೆ, “ಸೈನ್ ಆಕ್ಬುಟ್ರೆ ಆಗೋಯ್ತಾ, ಒಂದಿನ ಕರ್ಕೊಂಬಂದು ತೋರುಸ್ಬೇಕು ಕಣವ್ವ” ಎನ್ನುತ್ತಿದ್ದಳು. ಇವತ್ತು ಪ್ರೇಕ್ಷಾಳ ಮುಖ ನೋಡಿ, ಗೇಟನ್ನು ಅಗಲಕ್ಕೆ ತೆಗೆದು ಪಕ್ಕಕ್ಕೆ ಸರಿದಳು. ಅದು ಕೇಳಿದ್ದಕ್ಕಿಂತ ಕಷ್ಟವಾಯಿತು.

ಮೂರು ತಟ್ಟೆಗಳು, ಮೂರು ಬಣ್ಣದ ಚುಕ್ಕೆಗಳು: ಕೆಂಪು, ಹಸಿರು, ನೀಲಿ. ಒಂದಕ್ಕೆ ಬರೀ ಊಟ, ಪ್ರೋಟೀನು ಇಲ್ಲ, ಒಂದಕ್ಕೆ ಹೊರದೇಶದಿಂದ ತರಿಸಿದ ಪ್ರೋಟೀನು, ಒಂದಕ್ಕೆ ತಮ್ಮದು. ಯಾವ ಬಣ್ಣ ಯಾವುದು ಎಂಬ ಚೀಟಿ ನಂಜುಂಡೇಶರ ಜೇಬಿನಲ್ಲಿ. ಎಣಿಸುವವಳು ಸ್ಮಿತಾ, ಕೋಶಗಳ ಕೋಣೆ ಅವಳದ್ದು, ಅಲ್ಲಿಗೆ ಹೋಗುವಾಗ ಅವಳು ಉಸಿರನ್ನೂ ಕಾಲೊರೆಸಿಕೊಂಡು ಬರುವಂತೆ ಹೇಳುವವಳು. ಆದರೆ ಎಣಿಸುವ ಮೊದಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು “ಅಯ್ಯೋ” ಎಂದಳು. ಕೋಶಗಳು ಸತ್ತಿವೆ ಎಂದುಕೊಂಡಳು ಪ್ರೇಕ್ಷಾ. ಸತ್ತಿದ್ದರೆ ಕಾರಣ ಹುಡುಕುತ್ತಾರೆ: ಜೀನಿನ ತಿದ್ದುಪಡಿಯೇ ತಪ್ಪು ಎಂದು ನಂಜುಂಡೇಶ್ ತೀರ್ಮಾನಿಸುತ್ತಾರೆ, ಆರು ವರ್ಷ ತಲೆಯಲ್ಲಿ ಹೊತ್ತ ವಿಚಾರವನ್ನು ಕೆಳಗಿಡುತ್ತಾರೆ, ಆಗಲೂ ತಾನು ಬಾಯಿ ಬಿಡುವುದಿಲ್ಲವೇ? ಬಿಡುತ್ತೇನೆ ಎಂದು ಒಳಗಿನ ಒಬ್ಬ ವಕೀಲಳು ಹೇಳಿದಳು. ಇನ್ನೊಬ್ಬಳು ಕಿಟಕಿಯಾಚೆ ನೋಡಿದಳು. “ಬಾರೇ ಇಲ್ಲಿ, ನೋಡು,” ಎಂದಳು ಸ್ಮಿತಾ. “ಕಾಲಿಡೋಕೆ ಜಾಗ ಇಲ್ಲ.”

ಹಸಿರು ಚುಕ್ಕೆಯ ತಟ್ಟೆ. ಪ್ರೇಕ್ಷಾ ಬಗ್ಗಿ ನೋಡಿದಳು. ಉದ್ದುದ್ದ ಕೋಶಗಳು, ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ ಮಲಗಿ, ತಟ್ಟೆಯ ಅಂಚಿನಲ್ಲಿ ತಿರುಗಿ, ಹೊಳೆಯ ಸುಳಿಯಂತೆ ಹರಿದುಹೋಗಿದ್ದವು. ಅಲ್ಲಲ್ಲಿ ಒಂದೊಂದು ದುಂಡಗಾಗಿ, ಮಿನುಗುತ್ತ, ನಡು ಕಟ್ಟಿ ಎರಡಾಗುವ ಸಂಭ್ರಮದಲ್ಲಿತ್ತು. ಹಾಗೆ ನೋಡುತ್ತ ಅವಳು ಒಂದು ಕ್ಷಣ ಎಲ್ಲ ಮರೆತಳು. ಚಿಕ್ಕವಳಿದ್ದಾಗ ಕೊಬ್ಬರಿ ಒಣಗಲು ಕಾಯಿ ತುಂಬಿದ ಅಟ್ಟದ ಮೇಲೆ ಮಂಡಿಯೂರಿ, ಕತ್ತಲಿನಲ್ಲಿ ಸಾವಿರ ಕಾಯಿ ಸುಮ್ಮನೆ ತಮ್ಮ ಪಾಡಿಗೆ ತಾವು ಏನೋ ಮಾಡಿಕೊಳ್ಳುತ್ತಿವೆ ಎಂದು ಅನ್ನಿಸಿ ಖುಷಿಯಿಂದ ಮೈ ಜುಮ್ಮೆಂದದ್ದು, ಅಪ್ಪ ಪರಮಶಿವಯ್ಯ ಕೆಳಗಿನಿಂದ “ಇಳಿಯೇ, ಚೇಳಿರ್ತವೆ” ಎಂದದ್ದು, ಇಳಿಯದೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದದ್ದು ನೆನಪಾಯಿತು. ಹಸಿರು ಹೊರದೇಶದ್ದೇ ಇರಬೇಕು, ಎಂದುಕೊಂಡಳು ಆಮೇಲೆ. ಸ್ಮಿತಾ ಕೋಶಗಳನ್ನು ಬಿಡಿಸಿ, ಚೌಕಳಿಯ ಗಾಜಿಗೆ ಹಾಕಿ, ಕೈಯಲ್ಲಿನ ಎಣಿಕೆಯ ಯಂತ್ರವನ್ನು ಟಕಟಕ ಒತ್ತುತ್ತ ಹೋದಳು. ಒಂದೊಂದು ತಟ್ಟೆಗೂ ಬಿತ್ತಿದ್ದದ್ದು ಒಂದು ಲಕ್ಷ. ಕೆಂಪು: ಒಂದು ಲಕ್ಷ ಇಪ್ಪತ್ತು ಸಾವಿರ. ನೀಲಿ: ಐದು ಲಕ್ಷ ಹತ್ತು ಸಾವಿರ. ಹಸಿರು: ಆರು ಲಕ್ಷ ನಲವತ್ತು ಸಾವಿರ. ನಂಜುಂಡೇಶ್ ಜೇಬಿನಿಂದ ಚೀಟಿ ತೆಗೆದರು. ಮಡಿಕೆ ಬಿಚ್ಚಿದರು.

“ಅಸಿರು ನಮ್ದು ಕಣ್ರೋ,” ಎಂದರು.

ಲ್ಯಾಬಿನಲ್ಲಿ ಅಚ್ಚುಕಟ್ಟಾದ ಕನ್ನಡ, ಇಂಗ್ಲಿಷುಗಳನ್ನಷ್ಟೇ ಆಡುವ ಮನುಷ್ಯ. ಆ ‘ಹ’ ಎಲ್ಲಿ ಬಿದ್ದುಹೋಯಿತೆಂದು ಅವರೂ ಹುಡುಕಲಿಲ್ಲ. ಸ್ಮಿತಾ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದಳು, ಪಟಪಟ ಎಂದು ಮಳೆಹನಿಯ ಸದ್ದು. ಲಕ್ಕಮ್ಮ ಬಾಗಿಲ ಹೊರಗಿನಿಂದಲೇ, “ಗೆದ್ಬುಡ್ತಾ ಕೂಸು?” ಎಂದು ಕೂಗಿದಳು. ಗೆದ್ದಿತು ಎಂದದ್ದಕ್ಕೆ, ಯಾರೂ ಹೇಳದೆಯೇ ಮುಖ್ಯರಸ್ತೆಯ ಅಂಗಡಿಗೆ ಹೋಗಿ, ಪೇಪರು ಎಣ್ಣೆಯಾಗುವಷ್ಟು ಬಿಸಿ ಆಲೂಗಡ್ಡೆ ಬೋಂಡ ತಂದಳು. ಎಲ್ಲರೂ ಆಫೀಸಿನ ಕೋಣೆಯಲ್ಲಿ ನಿಂತೇ ತಿಂದರು. ನಂಜುಂಡೇಶ್ ಒಂದು ಬೋಂಡ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದನ್ನು ಪ್ರೇಕ್ಷಾ ಮೂರು ವರ್ಷದಲ್ಲಿ ಮೊದಲ ಸಲ ನೋಡಿದಳು. ಸಂತೋಷ ಅವಳಿಗೂ ಬಂತು. ಆದರೆ ಬೇರೆಯವರ ಮದುವೆಯ ಊಟಕ್ಕೆ ಕರೆಯದೆ ಬಂದು ಕೂತವಳಂತೆ, ಯಾರಾದರೂ ನೀನು ಯಾರ ಕಡೆಯವಳು ಎಂದು ಕೇಳಿಬಿಟ್ಟರೆ ಎಂಬ ಅಂಜಿಕೆಯ ಜೊತೆಗೆ. ಸುಮ್ಮನಿದ್ದರೆ ಆಯಿತು. ಕೋಶಗಳು ಬೆಳೆದಿವೆ, ಯಾರಿಗೂ ನಷ್ಟವಿಲ್ಲ. ಇದೇ ವಿಚಿತ್ರ: ಸತ್ತಿದ್ದರೆ ಹೇಳಬಹುದಿತ್ತು, ಅಳುತ್ತ ಹೇಳಬಹುದಿತ್ತು. ಗೆದ್ದ ಮೇಲೆ ಹೇಳುವುದಕ್ಕೆ ಅಳುವಿನ ಆಸರೆಯೂ ಇಲ್ಲ. ಹೇಳಿದರೆ ಈ ಎಣಿಕೆ ಲೆಕ್ಕಕ್ಕಿಲ್ಲ, ಬೋಂಡವೂ ಲೆಕ್ಕಕ್ಕಿಲ್ಲ. ನಂಜುಂಡೇಶ್ ಆಗಲೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, “ಮೈನಸ್ ಟ್ವೆಂಟೀಲಿ ಕಂಟಿನ್ಯುಯಸ್ಸಾಗಿ ಇಟ್ಟಿದ್ದು ಸರ್, ನಮ್ಮ ಹುಡುಗಿ ಮನೆಗೆ ತಗೊಂಡೋಗಿ ಕಾಪಾಡಿದ್ದಾಳೆ.” ನಮ್ಮ ಹುಡುಗಿ ಎಂದರು. ಪ್ರೇಕ್ಷಾ ಅರ್ಧ ತಿಂದ ಬೋಂಡವನ್ನು ಪೇಪರಿನ ಮೇಲಿಟ್ಟಳು.

“ಸರ್, ಅದು ದೇವರ ಮನೇಲಿತ್ತು.”

ಫೋನು ಇಡುತ್ತಿದ್ದ ನಂಜುಂಡೇಶ್, “ಯಾವುದು?” ಎಂದರು.

“ನಮ್ಮ ಪ್ರೋಟೀನು. ಸೋಮವಾರ. ಅಮ್ಮ ಫ್ರೀಜರಿಂದ ತೆಗೆದು ಪೂಜೆಗಿಟ್ಟಿದ್ರು. ನಾನು ನಿರಂತರ ಅಂತ ಬರೆದಿದ್ದು ಸುಳ್ಳು.”

ಸ್ಮಿತಾ ಅಗಿಯುವುದನ್ನು ನಿಲ್ಲಿಸಿದಳು. ನಂಜುಂಡೇಶ್ ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು, ಐದೂ ಆದ ಮೇಲೆ ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದರು. “ಎಷ್ಟು ಹೊತ್ತು?”

“ಗೊತ್ತಿಲ್ಲ ಸರ್. ಕೇಳ್ಲಿಲ್ಲ.”

“ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ನಿಮಗೆ ಹೇಳಬೇಕಾಗ್ತಿತ್ತು.”

“ಇದೊಂದನ್ನಾದ್ರೂ ದುಂಡಗೆ ಮಾಡ್ದೆ ಹೇಳಿದೆಯಲ್ಲ,” ಎಂದರು ಅವರು. ದನಿ ಎತ್ತಲಿಲ್ಲ. “ನಿಮ್ಮ ತಾಯೋರಿಗೆ ಗೊತ್ತಿರ್ಲಿಲ್ಲ, ಇಟ್ರು. ಅದು ತಪ್ಪಲ್ಲ. ನಿನಗೆ ಗೊತ್ತಿತ್ತು, ಬರೆದೆ. ಈ ನಾಲ್ಕು ದಿನದ ಕೆಲಸ, ಸ್ಮಿತಾಳದ್ದೂ ಸೇರಿ, ವರದಿಗೆ ಹೋಗಲ್ಲ. ಎಲ್ಲಾ ಮೊದಲಿಂದ ನೀನೇ ಮಾಡ್ತೀಯ, ಒಬ್ಬಳೇ.” ಪ್ರೇಕ್ಷಾ ತಲೆಯಾಡಿಸಿದಳು. ಕಿವಿ ಸುಡುತ್ತಿತ್ತು, ಆದರೆ ಐದು ದಿನದಿಂದ ಎದೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಇಬ್ಬರು ವಕೀಲರೂ ಫೈಲು ಕಟ್ಟಿ ಎದ್ದುಹೋದರು. ಅಷ್ಟು ಖಾಲಿ ಜಾಗ ತನ್ನೊಳಗಿತ್ತೆಂದು ಅವಳಿಗೆ ತಿಳಿದಿರಲಿಲ್ಲ. ನಂಜುಂಡೇಶ್ ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತರು. ಆಮೇಲೆ ತಿರುಗಿದಾಗ ಆ ಮುಖ ಬೈದವರ ಮುಖವಾಗಿರಲಿಲ್ಲ. ಗದ್ದೆಯ ಬದುವಿನಲ್ಲಿ ಏನೋ ಹೊಳೆದದ್ದನ್ನು ಕಂಡ ಹುಡುಗನದ್ದಾಗಿತ್ತು. “ತಡಿ ತಡಿ. ಅದು ಹೊರಗಿತ್ತು. ಆದ್ರೂ ಆರೂವರೆ ಲಕ್ಷ ಹತ್ರ ಬಂತು. ಅಂಗಂದ್ರೆ... ಸೆಕೆ ತಡೆದೈತೆ. ಫೋನ್ ಮಾಡು ನಿಮ್ಮಮ್ಮಂಗೆ. ಸ್ಪೀಕರ್ ಹಾಕು. ಒಂದು ಹೊಸ ಹಾಳೆ ತಗೋ, ಅವ್ರು ಹೇಳಿದ್ದು ಹೇಳಿದ ಹಾಗೇ ಬರಿ.”

ಸುವರ್ಣಮ್ಮ ಮೊದಲು ಗಾಬರಿಯಾದಳು, ಆಮೇಲೆ ನ್ಯಾಯಾಲಯದಲ್ಲಿ ನಿಂತವಳಂತೆ ಗಟ್ಟಿ ದನಿಯಲ್ಲಿ ಶುರುಮಾಡಿದಳು. ಬೆಳಗ್ಗೆ ಆರಕ್ಕೆ ಇಟ್ಟದ್ದು. ಕಾರ್ತಿಕ ಸೋಮವಾರ, ಉಪವಾಸ. ಸಾಯಂಕಾಲ ದೀಪ ಹಚ್ಚಿ ಮಂಗಳಾರತಿ ಆಗೋವರೆಗೆ ದೇವರ ಮುಂದಿಟ್ಟದ್ದನ್ನು ಕದಲಿಸೋ ಹಾಗಿಲ್ಲ. ಎತ್ತುವಾಗ ರಾತ್ರಿ ಏಳಾಗಿತ್ತು.

“ಹದಿಮೂರು ಗಂಟೆ,” ಎಂದರು ನಂಜುಂಡೇಶ್ ಉಸಿರು ಹಿಡಿದು. “ದೀಪ ಎಷ್ಟು ದೂರ ಇತ್ತು ತಾಯಿ?”

“ಎಷ್ಟು ದೂರ ಅಂದ್ರೆ? ಒಂದು ಗೇಣು. ಎರಡು ದೀಪ. ಸಾಯಂಕಾಲ ಹನ್ನೊಂದು.”

“ಕಿಟಕಿ?”

“ದೀಪ ಆರೋಗಲ್ವೇ? ಮುಚ್ಚಿದ್ದೆ. ನಂಗೇ ಬೆವರಿಳೀತಿತ್ತು.”

“ಒಳಗಿಂದು ನೀರಾಗಿತ್ತಾ, ಗಟ್ಟಿ ಇತ್ತಾ?”

“ಅದನ್ನ ಇವರನ್ನ ಕೇಳಿ, ಇವರೇ ತೆಗೆದು ನೋಡಿದ್ದು,” ಎಂದು ಅವಳು ಫೋನು ದಾಟಿಸಿದಳು. ಪರಮಶಿವಯ್ಯ ನಲವತ್ತು ವರ್ಷ ತೆಂಗಿನ ಕಾಯಿಯನ್ನು ಕಿವಿಯ ಪಕ್ಕ ಅಲ್ಲಾಡಿಸಿಯೇ ಒಳಗಿನ ಸಂಗತಿ ಹೇಳಿದವರು. “ನಮಸ್ಕಾರ ಸಾರ್. ನಾನು ಒಂದೊಂದನ್ನೂ ಅಲ್ಲಾಡಿಸಿ ನೋಡ್ದೆ. ನೀರು ಕುಲುಕ್ತಿತ್ತು. ಇನ್ನೂ ಹಸಿ, ಚೆನ್ನಾಗಿ ಒಣಗಬೇಕು ಅಂತ ಇವಳಿಗಂದೆ.”

“ಅಲ್ಲಾಡಿಸಿದ್ರಾ!” ಎಂದರು ನಂಜುಂಡೇಶ್. ಕರಗಿಸಬಾರದು, ಬಿಸಿ ತಾಗಿಸಬಾರದು, ಅಲ್ಲಾಡಿಸಬಾರದು, ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಗೋಡೆಯ ಮೇಲೆ ಅವರೇ ಬರೆಸಿ ಅಂಟಿಸಿದ್ದ ನಾಲ್ಕು ನಿಯಮಗಳನ್ನೂ ಒಂದೇ ದಿನದಲ್ಲಿ ಮುಗಿಸಿದ ದಂಪತಿಗಳು ಫೋನಿನಾಚೆ ವಿನಯದಿಂದ ಕಾಯುತ್ತಿದ್ದರು. ನಂಜುಂಡೇಶ್ ಮೇಜು ಹಿಡಿದುಕೊಂಡು ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಸರಿಯಾಗೇ ಹೇಳಿದೀರಿ ಯಜಮಾನ್ರೆ, ಒಣಗಿಸಿ ಪುಡಿ ಮಾಡೋದೇ ಮುಂದಿನ ಕೆಲಸ. ಆದ್ರೆ ಅದಕ್ಕೆ ಮೊದಲು ನೀವು ಮಾಡಿದ್ದನ್ನ ಇನ್ನೊಂದ್ಸಲ ಮಾಡ್ಬೇಕು, ಅಂಗೇ, ಅದೇ ಜಾಗದಲ್ಲಿ. ಈ ಸಲ ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇರುತ್ತೆ. ಸೋಮವಾರ ನಾನೇ ಬತ್ತೀನಿ.”

ಫೋನು ಮತ್ತೆ ಸುವರ್ಣಮ್ಮನ ಕೈಗೆ ಹೋದ ಸದ್ದು. “ಅವಳಿಗೆ ಬೈದ್ರಾ?”

“ಬೈದೆ ತಾಯಿ.”

“ಇನ್ನೂ ಸ್ವಲ್ಪ ಬೈಯಿರಿ. ಬಾಯಿಬಿಟ್ಟು ಕೇಳೋಕೇನಾಗಿತ್ತು ಇವಳಿಗೆ? ನಾನೇನು ಹೇಳ್ತಿರ್ಲಿಲ್ವಾ? ಬನ್ನಿ ಸೋಮವಾರ, ಊಟ ಸಾಯಂಕಾಲವೇ ಕೊಡೋದು, ಉಪವಾಸ. ಆ ಥರ್ಮಾಮೀಟರ್ರು ದೇವರ ಮನೆ ಒಳಗೆ ಬರೋದಾದ್ರೆ ಶುದ್ಧವಾಗಿರ್ಬೇಕು.”

“ಅದರ ಯೋಚನೆ ಬೇಡ ತಾಯಿ, ನಾವು ಎಲ್ಲಾನೂ ಸ್ಪಿರಿಟ್ಟಲ್ಲಿ ಒರೆಸೇ ತರೋದು.”

“ಸ್ಪಿರಿಟ್ಟಾ? ಸಾರಾಯಿ ಇದ್ದ ಹಾಗಲ್ವೇ ಅದು? ಶಿವ ಶಿವ! ಅದೆಲ್ಲ ಹೊಸ್ತಿಲ ಆಚೆಗೇ. ಬಿಸಿನೀರಲ್ಲಿ ತೊಳೀರಿ, ಮಡಿ ಬಟ್ಟೇಲಿ ಒರೆಸಿ.”

ನಂಜುಂಡೇಶ್ ಸ್ಮಿತಾಳ ಕಡೆ ನೋಡಿದರು. ಸ್ಮಿತಾ, ತನ್ನ ಕೋಣೆಯ ಹೊಸ್ತಿಲನ್ನು ನೆನೆದೋ ಏನೋ, ನ್ಯಾಯ ಅವರ ಕಡೆಗಿದೆ ಎಂಬಂತೆ ತಲೆದೂಗಿದಳು. “ಆಯ್ತು ತಾಯಿ,” ಎಂದರು ನಂಜುಂಡೇಶ್, “ಬಿಸಿನೀರು.”

ಪ್ರೇಕ್ಷಾ ಬರೆಯುತ್ತಿದ್ದಳು. ಹದಿಮೂರು ಗಂಟೆ. ದೀಪ ಒಂದು ಗೇಣು, ಬೆಳಗ್ಗೆ ಎರಡು, ಸಾಯಂಕಾಲ ಹನ್ನೊಂದು. ಕಿಟಕಿ ಮುಚ್ಚಿತ್ತು. ತಂದೆ ಹತ್ತೂ ಸೀಸೆಗಳನ್ನು ಕಿವಿಯ ಬಳಿ ಅಲ್ಲಾಡಿಸಿದ್ದಾರೆ, ಹಸಿ ಎಂದಿದ್ದಾರೆ. ಮುಚ್ಚಳದ ಮೇಲಿನ ವಿಭೂತಿಯನ್ನು ನಾನು ಮಂಗಳವಾರ ಬೆಳಗ್ಗೆ ಒರೆಸಿ, ಯಾರಿಗೂ ಹೇಳಲಿಲ್ಲ. ಥರ್ಮಾಮೀಟರಿಗೆ ಬಿಸಿನೀರಿನ ಸ್ನಾನ, ಸ್ಪಿರಿಟ್ ಇಲ್ಲ. ನಗು ತಡೆಯಲಾಗದೆ ಕೊನೆಯ ಸಾಲಿನ ಅಕ್ಷರಗಳು ಕುಣಿದಿದ್ದವು. ನಂಜುಂಡೇಶ್ ಹಾಳೆ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿದರು, ‘ಒಂದು ಗೇಣು’ ಎಂಬುದರ ಪಕ್ಕ ‘ಅಳೆಯಬೇಕು, ಯಾರ ಗೇಣು?’ ಎಂದು ಸಣ್ಣಗೆ ಬರೆದು, ಕೆಳಗೆ ದಿನಾಂಕ ಹಾಕಿ ಸಹಿ ಮಾಡಿದರು.